ಬಿರ್: ಐರ್ಲೆಂಡಿನ ನಡುವೆ ಒಂದು ಗಡಿಯೂರು

ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ನೆಲವನ್ನೆಲ್ಲ ಅಳೆಸಿ ನಕ್ಷೆ ಮಾಡಿಸಿದ ಸರ್ ವಿಲಿಯಂ ಪೆಟ್ಟಿ, ಬಿರ್ ಎಂಬ ಸಣ್ಣ ಊರನ್ನು ಆ ದ್ವೀಪದ ಹೊಕ್ಕುಳೆಂದು ಕರೆದ ಎನ್ನುತ್ತಾರೆ. ಈಗಿನ ಲೆಕ್ಕಾಚಾರದಲ್ಲಿ ದ್ವೀಪದ ನಡುಬಿಂದು ಇನ್ನಷ್ಟು ಉತ್ತರಕ್ಕೆ, ಅಥ್ಲೋನ್ ಪಟ್ಟಣದ ಕಡೆಗೆ ಬೀಳುತ್ತದೆ. ಆದರೂ ಊರಿನವರು ಆ ಬಿರುದನ್ನು ಬಿಟ್ಟುಕೊಟ್ಟಿಲ್ಲ. ಡಬ್ಲಿನ್ನಿನಲ್ಲಿ ನೆಲೆಸಿದ ಮೇಲೆ ಬಿಡುವಾದಾಗಲೆಲ್ಲ ನಾನು ಹೋಗಿಬರುವ ಊರುಗಳಲ್ಲಿ ಬಿರ್ ಒಂದು. ಅದರ ಬೀದಿಗಳಲ್ಲಿ ಅಡ್ಡಾಡಿದಷ್ಟೂ, ಅದರ ಚರಿತ್ರೆಯನ್ನು ಓದಿದಷ್ಟೂ, ಇದು ನಡುವಿನ ಊರು ಎನ್ನುವುದಕ್ಕಿಂತ ಗಡಿಯ ಊರು ಎನ್ನುವುದೇ ಸರಿ ಎಂದು ನನಗೆ ತೋರಿದೆ. ದ್ವೀಪವೊಂದರ ಸೀಮೆಗಳೆಲ್ಲ ಎಲ್ಲಿ ಮುಗಿಯುತ್ತವೆಯೋ ಅಲ್ಲಿಯೇ ಅದರ ನಡು ಇರುವುದು ಸಹಜ. ಹಾಗೆ ಮುಗಿಯುವ ಜಾಗಕ್ಕೆ ಹೊರಗಿನವರು ತಮ್ಮ ತಮ್ಮ ಕಾರಣಗಳಿಗಾಗಿ ಬಂದು, ತಮಗೆ ಬೇಕಾದುದನ್ನು ಕಟ್ಟಿ, ಕೆಲಸ ಮುಗಿದ ಮೇಲೆ ಹೊರಟುಹೋದ ಕಥೆಯೇ ಬಿರ್‌ನ ಕಥೆ.

ಊರು ಇರುವುದು ಡಬ್ಲಿನ್ನಿನಿಂದ ಪಶ್ಚಿಮ–ನೈಋತ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಆಫಲಿ ಕೌಂಟಿಯ ನೈಋತ್ಯದ ಮೂಲೆಯಲ್ಲಿ. ಪೂರ್ವಕ್ಕೆ ಸ್ಲೀವ್ ಬ್ಲೂಮ್ ಬೆಟ್ಟಸಾಲಿದೆ. ಬೆಟ್ಟ ಎಂದು ಕರೆದರೂ ಅದರ ಅತಿ ಎತ್ತರದ ಆರ್ಡೆರಿನ್ 527 ಮೀಟರ್ ಮಾತ್ರ. ಪಶ್ಚಿಮ ಘಟ್ಟವನ್ನು ನೋಡಿ ಬೆಳೆದವರು ಅದನ್ನು ಬೆಟ್ಟವೆಂದು ಒಪ್ಪಲು ಸ್ವಲ್ಪ ಕಾಲ ಹಿಡಿಯುತ್ತದೆ. ಆ ಬೆಟ್ಟದಿಂದ ಇಳಿದು ಬರುವ ಕ್ಯಾಮ್‌ಕರ್ ಎಂಬ ಹೊಳೆ ಊರಿನಲ್ಲಿ ಲಿಟ್ಲ್ ಬ್ರಾಸ್ನ ನದಿಯನ್ನು ಕೂಡಿಕೊಳ್ಳುತ್ತದೆ, ಎರಡೂ ಸೇರಿ ಪಶ್ಚಿಮಕ್ಕೆ ಹರಿದು ಶಾನನ್ ನದಿಯನ್ನು ಸೇರುತ್ತವೆ. ಲಿಟ್ಲ್ ಬ್ರಾಸ್ನದ ಆಚೆ ದಡ ಟಿಪ್ಪರೆರಿ, ಶಾನನ್ನಿನ ಆಚೆ ದಡ ಗಾಲ್‌ವೇ. ಶಾನನ್ನಿಗೆ ಇಳಿಜಾರು ಬಹಳ ಕಡಿಮೆಯಾದ್ದರಿಂದ ಚಳಿಗಾಲದಲ್ಲಿ ನದಿಗಳು ದಡ ಮೀರಿ ಹುಲ್ಲುಗಾವಲುಗಳ ಮೇಲೆ ಹರಡಿಕೊಂಡು ವಾರಗಟ್ಟಲೆ ನಿಲ್ಲುತ್ತವೆ. ಈ ಮುಳುಗುಗಾವಲುಗಳನ್ನು ಇಲ್ಲಿನವರು ಕ್ಯಾಲೋಸ್ ಎನ್ನುತ್ತಾರೆ. ಗ್ರೀನ್‌ಲೆಂಡ್ ಮತ್ತು ಐಸ್‌ಲೆಂಡಿನಿಂದ ಬರುವ ಬಾತು, ಹಂಸಗಳು ಚಳಿಗಾಲ ಕಳೆಯುವುದು ಅಲ್ಲೇ. ಉಳಿದ ನೆಲದ ಬಹುಭಾಗ ಜೌಗು. ಸಾವಿರಾರು ವರ್ಷ ನೀರಿನಲ್ಲಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಸಸ್ಯರಾಶಿಯನ್ನು ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರೆ. ಅದಕ್ಕೆ ಇಲ್ಲಿ ಟರ್ಫ್ ಎಂದು ಹೆಸರು. ಮುಂದೆ ಬರುವ ಕಥೆಗೆ ಈ ಕಪ್ಪು ಮಣ್ಣಿನ ಹೆಂಟೆ ಬೇಕಾಗುತ್ತದೆ.

ಇಂಥ ನೆಲದಲ್ಲಿ ಒಣಗಿದ ದಾರಿಗಳು ಕಡಿಮೆ, ಕೂಡುವ ಜಾಗಗಳು ಇನ್ನೂ ಕಡಿಮೆ. ಆರನೆಯ ಶತಮಾನದಲ್ಲಿ ಸಂತ ಬ್ರೆಂಡನ್ ಇಲ್ಲಿ ಕ್ರೈಸ್ತ ಮಠವೊಂದನ್ನು ಕಟ್ಟಿದ. ಅಟ್ಲಾಂಟಿಕ್ ಸಾಗರದಲ್ಲಿ ಹಡಗಿನ ಯಾತ್ರೆ ಹೊರಟನೆಂದು ಪ್ರಸಿದ್ಧನಾದ ಬ್ರೆಂಡನ್ ಬೇರೆ. ಇವನು ಬಿರ್‌ನಲ್ಲೇ ಉಳಿದವನು. ಮಠ ನಿಂತದ್ದು ಮನ್‌ಸ್ಟರ್, ಮೀಥ್, ಕಾನಾಕ್ಟ್ ರಾಜ್ಯಗಳ ಎಲ್ಲೆಗಳು ಹತ್ತಿರ ಹತ್ತಿರ ಬರುವ ಸ್ಥಳದಲ್ಲಿ. ಆದ್ದರಿಂದಲೇ 697ರಲ್ಲಿ ಅಯೋನಾ ದ್ವೀಪದ ಮಠಾಧಿಪತಿ ಆಡಮ್‌ನನ್ ಐರ್ಲೆಂಡಿನ ಅರಸರನ್ನೂ ಮಠಾಧಿಪತಿಗಳನ್ನೂ ಒಂದೆಡೆ ಸೇರಿಸಲು ಈ ಊರನ್ನು ಆರಿಸಿಕೊಂಡ ಎಂದು ಊಹಿಸುವುದು ಕಷ್ಟವಲ್ಲ. ಪರಸ್ಪರ ಕಾದಾಡುವ ಅರಸರು ಒಬ್ಬರು ಇನ್ನೊಬ್ಬರ ಅರಮನೆಗೆ ಹೋಗುವುದಿಲ್ಲ, ಗಡಿಗೆ ಬರುತ್ತಾರೆ. ಆ ಸಭೆಯಲ್ಲಿ ಒಪ್ಪಿತವಾದ ಕಾನೂನು ಯುದ್ಧದಲ್ಲಿ ಆಯುಧ ಹಿಡಿಯದವರನ್ನು, ಎಂದರೆ ಹೆಂಗಸರನ್ನು, ಮಕ್ಕಳನ್ನು, ಮಠದವರನ್ನು ಕೊಲ್ಲುವುದಕ್ಕೆ ದಂಡ ವಿಧಿಸಿತು. ಅದಕ್ಕೆ ಹೊಣೆ ನಿಂತವರು 91 ಮಂದಿ, ಹಾಗೆ ನಿಂತವರ ಹೆಸರಿನ ಪಟ್ಟಿ ಇಂದಿಗೂ ಉಳಿದಿದೆ. ಕಾನೂನು ಎಷ್ಟರಮಟ್ಟಿಗೆ ಪಾಲನೆಯಾಯಿತು ಎಂಬುದು ಬೇರೆ ಮಾತು. ಆದರೆ ಯುದ್ಧಕ್ಕೂ ಒಂದು ಎಲ್ಲೆ ಇರಬೇಕೆಂದು ಹೇಳುವ ಯುರೋಪಿನ ಆರಂಭದ ಕಾನೂನುಗಳಲ್ಲಿ ಒಂದು ಈ ಜೌಗಿನ ಅಂಚಿನಲ್ಲಿ ಹುಟ್ಟಿತೆಂಬುದನ್ನು ಪ್ರವಾಸಿಗಳು ಅಷ್ಟಾಗಿ ಗಮನಿಸುವುದಿಲ್ಲ. ಅದೇ ಮಠದ ಅಧಿಪತಿಯಾಗಿದ್ದು 822ರಲ್ಲಿ ತೀರಿಕೊಂಡ ಮ್ಯಾಕ್‌ರೆಗೊಲ್ ಬರೆದ ಸುವಾರ್ತೆಗಳ ಚಿತ್ರಿತ ಹಸ್ತಪ್ರತಿ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಮಠದ ಕಲ್ಲುಗಳು ಮಾತ್ರ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ನಂತರದ ಶತಮಾನಗಳಲ್ಲಿ ಇದು ಓಕ್ಯಾರಲ್ ಎಂಬ ಗೇಲಿಕ್ ಪಾಳೆಯಗಾರರ ನೆಲೆಯಾಗಿತ್ತು. 1620ರಲ್ಲಿ ಅವರಿಂದ ಕಿತ್ತುಕೊಂಡ ಕೋಟೆಯನ್ನೂ ಜಮೀನನ್ನೂ ಇಂಗ್ಲೆಂಡಿನ ದೊರೆಯು ಸರ್ ಲಾರೆನ್ಸ್ ಪಾರ್ಸನ್ಸ್ ಎಂಬುವನಿಗೆ ಬರೆದುಕೊಟ್ಟ. ಆ ವಂಶದವರು ಇಂದಿಗೂ ಅದೇ ಕೋಟೆಯಲ್ಲಿದ್ದಾರೆ. ಊರಿಗೆ ಬಹುಕಾಲ ಪಾರ್ಸನ್ಸ್‌ಟೌನ್ ಎಂದೇ ಹೆಸರಿತ್ತು. ಹೊಸ ಒಡೆಯ ಮೊದಲು ಮಾಡಿದ್ದು ಊರಿಗೆ ಕಟ್ಟಳೆ ವಿಧಿಸುವ ಕೆಲಸ. ಮನೆಗಳಿಗೆ ಕಲ್ಲಿನ ಹೊಗೆಗೂಡು ಇರಲೇಬೇಕು, ಬೀದಿಗೆ ತಿಪ್ಪೆ ಸುರಿದವರು ದಂಡ ತೆರಬೇಕು, ಮದುವೆಯಾಗದ ಹೆಣ್ಣು ಬಿಯರ್ ಮಾರಿದರೆ ಅವಳ ಕಾಲಿಗೆ ಸಂತೆಯ ದಿನ ಎಲ್ಲರೆದುರು ಮರದ ಕೊರಡು ಬಿಗಿಯಬೇಕು. ಬೆಂಕಿಯ ಭಯ, ನೈರ್ಮಲ್ಯ, ಹೆಂಗಸಿನ ಸಂಪಾದನೆ ಮೂರನ್ನೂ ಒಂದೇ ಉಸಿರಿನಲ್ಲಿ ಹತೋಟಿಗೆ ತರಲು ಹೊರಟ ಈ ಪಟ್ಟಿಯಲ್ಲಿ ಹೊಸದಾಗಿ ನೆಲ ಸಿಕ್ಕವನ ಅವಸರ ಎದ್ದು ಕಾಣುತ್ತದೆ. ಹದಿನೇಳನೆಯ ಶತಮಾನದ ಯುದ್ಧಗಳಲ್ಲಿ ಕೋಟೆ ಹಲವು ಬಾರಿ ಮುತ್ತಿಗೆಗೆ ಸಿಕ್ಕಿತು, ಕೈ ಬದಲಾಯಿತು, ಮತ್ತೆ ಪಾರ್ಸನ್ಸರಿಗೇ ಮರಳಿತು.

ಈಗ ಕಣ್ಣಿಗೆ ಕಾಣುವ ಬಿರ್ ಮಾತ್ರ ಬಹುಪಾಲು 1740ರಿಂದ 1840ರ ನಡುವಿನದು. ಆಕ್ಸ್‌ಮನ್‌ಟೌನ್ ಮಾಲ್ ಎಂಬ ಬೀದಿಯ ಒಂದು ಬದಿಗೆ ಮರಗಳ ಸಾಲು, ಇನ್ನೊಂದು ಬದಿಗೆ ಜಾರ್ಜಿಯನ್ ಶೈಲಿಯ ಮನೆಗಳ ಸಾಲು. ಬಾಗಿಲ ಮೇಲೆ ಬೀಸಣಿಗೆಯಾಕಾರದ ಗಾಜಿನ ಕಿಟಕಿಗಳು, ಒಂದು ತುದಿಯಲ್ಲಿ ಚರ್ಚು, ಇನ್ನೊಂದು ತುದಿಯಲ್ಲಿ ಕೋಟೆಯ ಹೆಬ್ಬಾಗಿಲು. ಬೀದಿಯ ಎರಡು ತುದಿಗಳನ್ನು ಯಾರು ಹಿಡಿದಿದ್ದರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರ ನಡುವಿನ ಎಮೆಟ್ ಚೌಕದಲ್ಲಿ 1747ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲುಕಂಬವಿದೆ. ಅದರ ತುದಿಯಲ್ಲಿ ಯಾರೂ ಇಲ್ಲ. ಮೊದಲು ಅಲ್ಲಿ ಕಂಬರ್‌ಲ್ಯಾಂಡಿನ ಡ್ಯೂಕ್ ನಿಂತಿದ್ದ, 1746ರಲ್ಲಿ ಸ್ಕಾಟ್ಲೆಂಡಿನ ಕಲೋಡನ್ನಿನಲ್ಲಿ ಬಂಡಾಯಗಾರರನ್ನು ಸೋಲಿಸಿ ಗಾಯಾಳುಗಳಿಗೂ ದಯೆ ತೋರದೆ ಕಟುಕನೆಂಬ ಹೆಸರು ಪಡೆದವನು. 1915ರಲ್ಲಿ ಆ ಮೂರ್ತಿಯನ್ನು ಇಳಿಸಿದರು. ಊರಿನ ಸೇನಾಶಿಬಿರದಲ್ಲಿದ್ದ ಸ್ಕಾಟಿಷ್ ಸೈನಿಕರಿಗೆ ಮುಜುಗರವಾಗದಿರಲಿ ಎಂದು ಹಾಗೆ ಮಾಡಿದರೆಂದು ಊರಿನಲ್ಲಿ ಹೇಳುತ್ತಾರೆ. ಚೌಕಕ್ಕೆ ಆಮೇಲೆ, 1803ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ಐರಿಷ್ ಬಂಡಾಯಗಾರ ರಾಬರ್ಟ್ ಎಮೆಟ್‌ನ ಹೆಸರು ಬಂತು. ಹೆಸರು ಎಮೆಟ್‌ನದು, ಕಂಬ ಡ್ಯೂಕನದು, ತುದಿ ಖಾಲಿ. ಮೂರ್ತಿಗಳ ಬಗ್ಗೆ ಜಗಳವಾಡುವ ಎಲ್ಲ ಊರುಗಳಿಗೂ ನಾನು ಈ ವ್ಯವಸ್ಥೆಯನ್ನು ಶಿಫಾರಸು ಮಾಡಬಲ್ಲೆ.

ಬಿರ್‌ನ ಹೆಸರು ಲೋಕಕ್ಕೆಲ್ಲ ತಿಳಿದದ್ದು ದೂರದರ್ಶಕದಿಂದ. ರಾಸ್ ಬಿರುದಿನ ಮೂರನೆಯ ಅರ್ಲ್ ವಿಲಿಯಂ ಪಾರ್ಸನ್ಸ್‌ಗೆ ಜಗತ್ತಿನ ಅತಿ ದೊಡ್ಡ ದೂರದರ್ಶಕವನ್ನು ತನ್ನ ಹಿತ್ತಿಲಲ್ಲೇ ಕಟ್ಟಬೇಕೆಂಬ ಹಂಬಲ ಹಿಡಿಯಿತು. ವಿವೇಕದಿಂದ ಯೋಚಿಸುವವರು ಯಾರೂ ಆರಿಸದ ಜಾಗ ಅದು. ಸದಾ ಮೋಡ, ಸದಾ ತೇವ, ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಎರಕದ ಕಾರ್ಖಾನೆಯಿಲ್ಲ, ನುರಿತ ಕುಶಲಕರ್ಮಿಗಳಿಲ್ಲ. ಇದ್ದದ್ದು ಗೇಣಿಯ ಹಣ, ಯಾರ್ಕ್‌ಷೈರಿನ ಶ್ರೀಮಂತ ಮನೆಯಿಂದ ಬಂದ ಹೆಂಡತಿ ಮೇರಿಯ ಆಸ್ತಿ, ಮತ್ತು ಬೇಕಾದಷ್ಟು ಟರ್ಫ್. ಅರ್ಲ್ ಕೋಟೆಯ ಅಂಗಳದಲ್ಲೇ ಕುಲುಮೆಗಳನ್ನು ಹೂಡಿ, ಊರಿನ ಬಡಗಿ–ಕಮ್ಮಾರರಿಗೆ ತಾನೇ ಕೆಲಸ ಕಲಿಸಿದ. ಆ ಕಾಲದ ದರ್ಪಣಗಳು ಗಾಜಿನವಲ್ಲ; ತಾಮ್ರ ಮತ್ತು ತವರದ ಮಿಶ್ರಲೋಹದವು. ಈ ಲೋಹಕ್ಕೆ ಬೆಳ್ಳಿಯಂಥ ಹೊಳಪು ಬರುತ್ತದೆ, ಆದರೆ ಅದು ತುಂಬಾ ಪೆಡಸು. ಎರಕ ಹೊಯ್ದ ಮೇಲೆ ಅವಸರದಿಂದ ಆರಿದರೆ ಒಳಗಿನ ಬಿಗಿತಕ್ಕೇ ಸೀಳಿಹೋಗುತ್ತದೆ. ಆದ್ದರಿಂದ 1842ರ ಏಪ್ರಿಲ್‌ನಲ್ಲಿ ಟರ್ಫಿನ ಬೆಂಕಿಯಲ್ಲಿ ಕರಗಿಸಿದ ಲೋಹವನ್ನು ಅಚ್ಚಿಗೆ ಹೊಯ್ದ ಮೇಲೆ, ಆ ಮೂರು ಟನ್ನಿನಷ್ಟು ತೂಕದ ಬಿಲ್ಲೆಯನ್ನು ಒಲೆಯಂಥ ಕೋಣೆಯೊಳಕ್ಕೆ ತಳ್ಳಿ, ಬಾಗಿಲು ಮುಚ್ಚಿ, ವಾರಗಟ್ಟಲೆ ನಿಧಾನವಾಗಿ ಆರಲು ಬಿಟ್ಟರು. ಆಮೇಲೆ ಉಗಿಯಂತ್ರದಿಂದ ನಡೆಯುವ ಯಂತ್ರದಲ್ಲಿ ಅದನ್ನು ಉಜ್ಜಿ ನಯಗೊಳಿಸಬೇಕು. ಹಲವು ಎರಕಗಳು ಕೆಟ್ಟ ಮೇಲೆ ಎರಡು ಒಳ್ಳೆಯ ದರ್ಪಣಗಳು ಕೈಗೆ ಬಂದವು. ಎರಡು ಬೇಕಾಗಿತ್ತು ಕೂಡ. ಐರ್ಲೆಂಡಿನ ತೇವದ ಗಾಳಿಗೆ ಲೋಹ ಬೇಗನೆ ಮಂಕಾಗುತ್ತಿದ್ದುದರಿಂದ ಒಂದು ದೂರದರ್ಶಕದಲ್ಲಿದ್ದಾಗ ಇನ್ನೊಂದು ಉಜ್ಜುವ ಮನೆಯಲ್ಲಿರುತ್ತಿತ್ತು.

ದರ್ಪಣದ ವ್ಯಾಸ 72 ಇಂಚು, ಎಂದರೆ 1.83 ಮೀಟರ್. ಅದನ್ನು ಹಿಡಿದಿಟ್ಟ ಮರದ ಕೊಳವೆಯ ಉದ್ದ ಹದಿನಾರು ಮೀಟರಿಗೂ ಮಿಕ್ಕಿದ್ದು. 1845ರ ಫೆಬ್ರವರಿಯಲ್ಲಿ ದೂರದರ್ಶಕ ಸಿದ್ಧವಾದಾಗ ಇಂಗ್ಲೆಂಡಿನ ಈಲಿ ಚರ್ಚಿನ ಮುಖ್ಯ ಪಾದ್ರಿ, ಎಂದರೆ ಡೀನ್, ಆಗಿದ್ದ ಗಣಿತಜ್ಞ ಜಾರ್ಜ್ ಪೀಕಾಕ್ ಕೊಡೆ ಬಿಚ್ಚಿ ಹಿಡಿದುಕೊಂಡೇ ಆ ಕೊಳವೆಯೊಳಗೆ ನಡೆದು ಹೋದನಂತೆ. ಕೊಳವೆಯ ಅಗಲ ತೋರಿಸಲು ಹಾಗೆ ಮಾಡಿದನೆಂದು ಬರೆಯುತ್ತಾರೆ, ಐರ್ಲೆಂಡಿನ ಫೆಬ್ರವರಿ ಗೊತ್ತಿರುವ ನನಗೆ ಬೇರೆ ಕಾರಣವೂ ಇದ್ದೀತೆಂಬ ಅನುಮಾನ. ಕೊಳವೆಯ ಎರಡು ಬದಿಗೆ ಸುಮಾರು 15 ಮೀಟರ್ ಎತ್ತರದ, ಕೋಟೆಯ ತೆನೆಗಳಿರುವ ಎರಡು ಕಲ್ಲುಗೋಡೆಗಳು. ಹತ್ತಿರ ನಿಂತು ನೋಡಿದರೆ ಅದರ ಇತಿಮಿತಿ ಕೂಡಲೇ ಅರ್ಥವಾಗುತ್ತದೆ. ಕೊಳವೆ ಗೋಡೆಗಳ ನಡುವೆ ಮೇಲೆ ಕೆಳಗೆ ಧಾರಾಳವಾಗಿ ಆಡುತ್ತದೆ, ಅಕ್ಕಪಕ್ಕಕ್ಕೆ ಸ್ವಲ್ಪವೇ ಸರಿಯುತ್ತದೆ. ನಕ್ಷತ್ರವೊಂದು ಆ ಸಂದಿಗೆ ಬರುವವರೆಗೆ ಕಾಯಬೇಕು, ಬಂದ ಮೇಲೆ ಸುಮಾರು ಒಂದು ಗಂಟೆ ನೋಡಬಹುದು, ಅಷ್ಟರಲ್ಲಿ ಮೋಡ ಬಂದರೆ ಮತ್ತೆ ನಾಳೆ. ವೀಕ್ಷಕನು ಗೋಡೆಯ ಮೇಲಿನ ಮರದ ಅಟ್ಟಣೆಯಲ್ಲಿ ಕತ್ತಲೆಯಲ್ಲಿ ನಿಂತಿರುತ್ತಿದ್ದ, ಕೆಳಗಿನಿಂದ ಆಳುಗಳು ಸರಪಳಿ, ರಾಟೆಗಳಿಂದ ಕೊಳವೆಯನ್ನು ಎಳೆಯುತ್ತಿದ್ದರು.

ಇಷ್ಟೆಲ್ಲ ತೊಡಕಿನ ನಡುವೆಯೂ 1845ರ ವಸಂತದಲ್ಲಿ ಅರ್ಲ್ ಫ್ರೆಂಚ್ ಖಗೋಳಜ್ಞ ಮೆಸ್ಸಿಯೆ ಮಾಡಿದ್ದ ಪಟ್ಟಿಯ 51ನೆಯ ನೀಹಾರಿಕೆಯನ್ನು ನೋಡಿ, ಅದುವರೆಗೆ ಯಾರಿಗೂ ಕಾಣದ ಅದರ ಸುರುಳಿಯನ್ನು ಕಂಡ. ಛಾಯಾಗ್ರಹಣ ಇನ್ನೂ ಇಂಥ ಕೆಲಸಕ್ಕೆ ಒದಗುತ್ತಿರಲಿಲ್ಲವಾದ್ದರಿಂದ ಕೈಯಿಂದಲೇ ಚಿತ್ರ ಬರೆದು ಜೂನ್‌ನಲ್ಲಿ ಕೇಂಬ್ರಿಡ್ಜಿನ ವಿಜ್ಞಾನ ಸಮಾವೇಶದಲ್ಲಿ ತೋರಿಸಿದ. ಆ ಮಸುಕು ಚುಕ್ಕೆ ನಮ್ಮ ಆಕಾಶಗಂಗೆಯಂತೆಯೇ ಇರುವ ಇನ್ನೊಂದು ಗೆಲಾಕ್ಸಿ, ಎರಡು–ಮೂರು ಕೋಟಿ ಜ್ಯೋತಿರ್ವರ್ಷ ದೂರದ್ದು ಎಂದು ತಿಳಿಯಲು ಇನ್ನೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆದರೆ ಅದರ ಆಕಾರವನ್ನು ಮೊದಲು ಗುರುತಿಸಿದ್ದು ಇಲ್ಲಿ.

ಅದೇ ವರ್ಷದ ಶರತ್ಕಾಲದಲ್ಲಿ ಐರ್ಲೆಂಡಿನ ಆಲೂಗಡ್ಡೆ ಗಿಡಗಳಿಗೆ ರೋಗ ತಗುಲಿತು. ಸ್ವಲ್ಪ ಜಮೀನಿನಲ್ಲಿ ಆಲೂಗಡ್ಡೆ ಬೆಳೆದು ತಿಂದು, ಉಳಿದ ದುಡಿಮೆಯನ್ನೆಲ್ಲ ಗೇಣಿಗೆ ಕೊಡುತ್ತಿದ್ದ ಕುಟುಂಬಗಳಿಗೆ ಬೇರೆ ಆಹಾರವಿರಲಿಲ್ಲ. ಇಡೀ ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರದಿಂದ ಸತ್ತರು, ಅದಕ್ಕಿಂತ ಕಡಿಮೆಯಿಲ್ಲದಷ್ಟು ಜನ ಹಡಗು ಹತ್ತಿದರು. ಈ ಕೌಂಟಿಯ ಜನಸಂಖ್ಯೆ 1841ರಿಂದ 1851ರ ನಡುವೆ ಸುಮಾರು ಕಾಲು ಭಾಗ ಕುಸಿಯಿತು. ಊರಿನಲ್ಲಿ ನಿರ್ಗತಿಕರಿಗಾಗಿ 800 ಜನರ ಲೆಕ್ಕದಲ್ಲಿ ಕಟ್ಟಿದ್ದ ವರ್ಕ್‌ಹೌಸ್ ಬಾಗಿಲು ತೆರೆದದ್ದು 1842ರಲ್ಲಿ, ಕೋಟೆಯಲ್ಲಿ ದೊಡ್ಡ ದರ್ಪಣದ ಎರಕ ಹೊಯ್ದ ವರ್ಷವೇ. ಬರದ ವರ್ಷಗಳಲ್ಲಿ ಅರ್ಲ್ ಖಗೋಳ ವೀಕ್ಷಣೆಯನ್ನು ಬಹುಮಟ್ಟಿಗೆ ಬದಿಗಿಟ್ಟು ಪರಿಹಾರದ ಕೆಲಸದಲ್ಲಿ ತೊಡಗಿದ, 1848ರ ಹೊತ್ತಿಗೆ ಮತ್ತೆ ಆಕಾಶಕ್ಕೆ ಮರಳಿದ. ಕೋಟೆಯ ಸುತ್ತ ನಕ್ಷತ್ರದಾಕಾರದಲ್ಲಿ ತೋಡಿದ ಕಂದಕ ಆ ಕಾಲದ ಕೂಲಿ ಕೆಲಸ. ಯಾವ ಶತ್ರುವೂ ಇಲ್ಲದ ಕಾಲದಲ್ಲಿ ಕೂಲಿ ಕೊಡುವುದಕ್ಕೆಂದೇ ತೋಡಿಸಿದ ಕೋಟೆಕಂದಕ. ಸುತ್ತಲಿನ ಹಲವು ಜಮೀನ್ದಾರರಿಗೆ ಹೋಲಿಸಿದರೆ ಈ ಮನೆತನ ಮಾನವಂತಿಕೆಯಿಂದ ನಡೆದುಕೊಂಡಿತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಈ ಕಥೆಯನ್ನು ಓದುವಾಗಲೆಲ್ಲ, ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ಇಡೀ ಊರಿನ ಅನ್ನ ನಿಂತಿತ್ತು ಎಂಬುದನ್ನು ಹೊಗಳಿಕೆಯ ಮಾತಾಗಿ ಹೇಳುವ ರೂಢಿ ನನಗೆ ಒಗ್ಗುವುದಿಲ್ಲ. ದೂರದರ್ಶಕಕ್ಕೆ ಆಗಿನ ಕಾಲದ ಸುಮಾರು 12,000 ಪೌಂಡ್ ಖರ್ಚಾಯಿತೆನ್ನುತ್ತಾರೆ, ಅದರಲ್ಲಿ ಗೇಣಿಯ ಪಾಲೂ ಇತ್ತು.

1917ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ನಿನಲ್ಲಿ 100 ಇಂಚಿನದು ಬರುವವರೆಗೆ ಇಷ್ಟು ದೊಡ್ಡ ದೂರದರ್ಶಕ ಜಗತ್ತಿನಲ್ಲಿ ಬೇರೊಂದಿರಲಿಲ್ಲ. ಆ ಮನೆಯಲ್ಲಿ ಕೆಲಸ ಮಾಡಿದವರ ಸಾಲು ಉದ್ದವಾಗಿದೆ. ಮೇರಿ ಸ್ವತಃ ಒಳ್ಳೆಯ ಛಾಯಾಗ್ರಾಹಕಿ. ಅವಳ ಕತ್ತಲೆಕೋಣೆಯ ಸಾಮಾನು ಉಳಿದುಬಂದಿದೆ. ಕೊನೆಯ ಮಗ ಚಾರ್ಲ್ಸ್ 1884ರಲ್ಲಿ ಉಗಿ ಟರ್ಬೈನನ್ನು ರೂಪಿಸಿದ. ಜಗತ್ತಿನ ಉಷ್ಣವಿದ್ಯುತ್ ಸ್ಥಾವರಗಳು ಇಂದಿಗೂ ಅದರ ವಂಶದ ಯಂತ್ರಗಳಿಂದಲೇ ನಡೆಯುತ್ತವೆ, ರಾಯಚೂರಿನದೂ ಸೇರಿ. 1874ರಿಂದ ನಾಲ್ಕು ವರ್ಷ ಇಲ್ಲಿ ವೀಕ್ಷಕನಾಗಿದ್ದ ಡೆನ್ಮಾರ್ಕಿನ ಡ್ರೇಯರ್ 1888ರಲ್ಲಿ ಪ್ರಕಟಿಸಿದ 7,840 ಆಕಾಶಕಾಯಗಳ ಪಟ್ಟಿಯ ಸಂಖ್ಯೆಗಳನ್ನು ಖಗೋಳ ಹವ್ಯಾಸಿಗಳು ಈಗಲೂ ಬಳಸುತ್ತಾರೆ. ಮೂರನೆಯ ಅರ್ಲ್‌ನ ಹತ್ತಿರದ ಬಂಧು ಮೇರಿ ವಾರ್ಡ್ ಸೂಕ್ಷ್ಮದರ್ಶಕದಲ್ಲಿ ಪಳಗಿದವಳು. ತಾನೇ ಚಿತ್ರ ಬರೆದು ರಚಿಸಿದ ಅವಳ ಪುಸ್ತಕ 1857ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. 1869ರ ಆಗಸ್ಟ್ 31ರಂದು ಅರ್ಲ್‌ನ ಮನೆಯವರೇ ಕಟ್ಟಿದ್ದ ಉಗಿಬಂಡಿಯಲ್ಲಿ ಹೋಗುತ್ತಿದ್ದಾಗ ಚರ್ಚಿನ ಬಳಿಯ ತಿರುವಿನಲ್ಲಿ ಕೆಳಗೆ ಬಿದ್ದು, ಚಕ್ರ ಮೇಲೆ ಹರಿದು ಸತ್ತಳು. ಆಗ ಅವಳಿಗೆ 42 ವರ್ಷ. ಮೋಟಾರು ವಾಹನದ ಅಪಘಾತದಲ್ಲಿ ಸತ್ತವರ ದಾಖಲೆಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಇದಿರಬಹುದು. ಆ ತಿರುವು ಈಗಲೂ ಹಾಗೆಯೇ ಇದೆ.

ಅದಕ್ಕೆ ಒಂದು ವರ್ಷ ಮೊದಲು, 1868ರಲ್ಲಿ, ಬಿರ್‌ನಿಂದ ಶಾನನ್ ದಡದ ಪೋರ್ಟಮ್ನಾ ಸೇತುವೆಯವರೆಗೆ ಸುಮಾರು 19 ಕಿಲೋಮೀಟರ್ ರೈಲುಮಾರ್ಗ ತೆರೆದಿತ್ತು. ಶಾನನ್ ದಾಟಿ ಗಾಲ್‌ವೇ ಕಡೆಗೆ ಅದು ಮುಂದುವರಿಯಲೇ ಇಲ್ಲ. ನದಿಯ ಈಚೆಗೇ ನಿಂತುಹೋದ ರೈಲಿಗೆ ಜನ ಯಾಕೆ ಬಂದಾರು? ಹತ್ತು ವರ್ಷ ನಷ್ಟದಲ್ಲಿ ಓಡಿ 1878ರ ಕೊನೆಗೆ ನಿಂತಿತು. ಸಾಲ ಕೊಟ್ಟ ಸರಕಾರಕ್ಕೂ ಬೇಡ, ನಡೆಸುತ್ತಿದ್ದ ಕಂಪನಿಗೂ ಬೇಡ ಎಂಬಂತಾದಾಗ ಸುತ್ತಲಿನ ಜನ ನಿಧಾನವಾಗಿ ಅದನ್ನು ಮನೆಗೆ ಸಾಗಿಸಿದರು. ಮೊದಲು ಸಣ್ಣಪುಟ್ಟ ಸಾಮಾನು, ಆಮೇಲೆ ಹಳಿಗಳು, ಅಡ್ಡದಿಮ್ಮಿಗಳು, ನಿಲ್ದಾಣದ ಕಟ್ಟಡದ ಭಾಗಗಳು. ಇದಕ್ಕೆ ಕದ್ದ ರೈಲು ಎಂದೇ ಹೆಸರು. ಗೇಣಿ ಕೊಟ್ಟೂ ಕೊಟ್ಟೂ ಸುಸ್ತಾಗಿದ್ದ ಸೀಮೆಯ ಜನ ಸರಕಾರದಿಂದ ವಾಪಸು ಪಡೆದ ಏಕೈಕ ದೊಡ್ಡ ವಸ್ತು ಬಹುಶಃ ಇದೇ. ರೋಸ್‌ಕ್ರೇ ಕಡೆಯಿಂದ ಬರುತ್ತಿದ್ದ ಇನ್ನೊಂದು ಮಾರ್ಗವೂ 1963ರಲ್ಲಿ ಮುಚ್ಚಿತು. ಈಗ ಬಿರ್‌ಗೆ ರೈಲೇ ಇಲ್ಲ.

ಊರಿನ ದಕ್ಷಿಣಕ್ಕಿರುವ ಕ್ರಿಂಕಿಲ್‌ಗೆ ಹೋದರೆ ಉದ್ದನೆಯ ಕಲ್ಲುಗೋಡೆಯೊಂದು ಹೊಲಗಳನ್ನು ಸುತ್ತುವರಿದು ನಿಂತಿರುವುದು ಕಾಣುತ್ತದೆ. ನೆಪೋಲಿಯನ್ನನ ಭಯದ ಕಾಲದಲ್ಲಿ, ದ್ವೀಪದ ಯಾವ ದಿಕ್ಕಿಗೂ ಸೈನ್ಯ ಕಳಿಸಲು ನಡುವೊಂದು ಜಾಗ ಬೇಕೆಂದು ಅಲ್ಲಿ ಕಟ್ಟಿದ ಬ್ಯಾರಕ್ಕಿನ ಗೋಡೆ ಅದು. ಮುಂದೆ ಇದು ಲೆನ್‌ಸ್ಟರ್ ರೆಜಿಮೆಂಟಿನ ಕೇಂದ್ರವಾಯಿತು. ಆ ರೆಜಿಮೆಂಟನ್ನು 1881ರಲ್ಲಿ ಎರಡು ಹಳೆಯ ಪಡೆಗಳನ್ನು ಕೂಡಿಸಿ ಮಾಡಿದರು. ಒಂದು ಕೆನಡಾದಲ್ಲಿ ಎತ್ತಿದ 100ನೆಯದು. ಇನ್ನೊಂದು 109ನೆಯ ಬಾಂಬೆ ಇನ್‌ಫೆಂಟ್ರಿ, ಈಸ್ಟ್ ಇಂಡಿಯಾ ಕಂಪನಿ 1853ರಲ್ಲಿ ಯುರೋಪಿಯನ್ ಸೈನಿಕರಿಂದ ಕಟ್ಟಿ, 1858ರಲ್ಲಿ ಝಾನ್ಸಿಯ ಮುತ್ತಿಗೆಯಲ್ಲಿ ಬಳಸಿದ ಪಡೆ. ಆಫಲಿಯ ಜೌಗಿನ ಬಡ ಹುಡುಗರಿಗೆ ಸೇನೆಯ ಸಂಬಳ ಹೊಟ್ಟೆಪಾಡಿನ ದಾರಿ, ಊರಿನ ಅಂಗಡಿ–ಹೋಟೆಲುಗಳಿಗೆ ಸೈನಿಕರೇ ಗಿರಾಕಿಗಳು.

ನನ್ನನ್ನು ಈ ಗೋಡೆಯ ಬಳಿ ಹೆಚ್ಚು ಹೊತ್ತು ನಿಲ್ಲಿಸಿದ್ದು 1921ರ ಸಂಗತಿ. ಆ ವರ್ಷ ಜುಲೈ 11ರಂದು ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟಗಾರರಿಗೂ ಬ್ರಿಟಿಷರಿಗೂ ನಡುವೆ ಕದನವಿರಾಮವಾಯಿತು. ಮರುತಿಂಗಳೇ ಮದ್ರಾಸ್ ಪ್ರಾಂತದ ಮಲಬಾರಿನಲ್ಲಿ, ನಮ್ಮ ದಕ್ಷಿಣ ಕನ್ನಡದ ನೆರೆಯ ಜಿಲ್ಲೆಯಲ್ಲಿ, ಮಾಪಿಳ್ಳೆಯರ ದಂಗೆ ಎದ್ದಿತು. ಗೇಣಿದಾರರ ಸಿಟ್ಟು, ಖಿಲಾಫತ್ ಚಳವಳಿ, ಕೋಮುದ್ವೇಷ ಎಲ್ಲವೂ ಕಲೆತಿದ್ದ ದಂಗೆ ಅದು. ಆಗಸ್ಟ್ 26ರಂದು ಪೂಕ್ಕೋಟ್ಟೂರಿನಲ್ಲಿ ದಂಗೆಕೋರರ ಮೇಲೆ ಗುಂಡು ಹಾರಿಸಿದ್ದು ಲೆನ್‌ಸ್ಟರ್ ರೆಜಿಮೆಂಟಿನ ಸೈನಿಕರು. ತಮ್ಮ ಮನೆಯ ಕಡೆ ಗೇಣಿ ಮತ್ತು ನೆಲದ ಜಗಳದಿಂದ ಶುರುವಾದ ಬಂಡಾಯ ಸಂಧಾನದ ಮೇಜಿಗೆ ಬಂದಿರುವಾಗ, ಇನ್ನೊಬ್ಬರ ನೆಲದ ಜಗಳವನ್ನು ಅದೇ ಸಾಮ್ರಾಜ್ಯಕ್ಕಾಗಿ ಅಡಗಿಸುತ್ತಿದ್ದ ಆ ಹುಡುಗರ ಮನಸ್ಸಿನಲ್ಲಿ ಏನಿತ್ತೋ. ಅವರೆಲ್ಲ ಖಳರೆಂದು ಹೇಳುವುದು ಸುಲಭ, ಅಮಾಯಕರೆಂದು ಹೇಳುವುದು ಇನ್ನೂ ಸುಲಭ. ನನಗೆ ಎರಡೂ ಒಪ್ಪಿಗೆಯಿಲ್ಲ. ಮರುವರ್ಷ ಐರ್ಲೆಂಡ್ ಸ್ವತಂತ್ರ ರಾಜ್ಯವಾಗುತ್ತಿದ್ದಂತೆ ರೆಜಿಮೆಂಟನ್ನು ವಿಸರ್ಜಿಸಿದರು, ಅದರ ಧ್ವಜಗಳು ವಿಂಡ್ಸರ್ ಕೋಟೆಗೆ ಹೋದವು. ಅದೇ 1922ರ ಜುಲೈನಲ್ಲಿ, ಅಂತರ್ಯುದ್ಧದ ನಡುವೆ, ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ವಿರೋಧಿಸಿದ ಬಣ ಕ್ರಿಂಕಿಲ್ ಬ್ಯಾರಕ್ಕಿಗೆ ಬೆಂಕಿಯಿಟ್ಟಿತು. ಶತಮಾನದಷ್ಟು ಕಾಲ ಊರಿನ ವ್ಯಾಪಾರಕ್ಕೆ ಆಧಾರವಾಗಿದ್ದದ್ದು ಅಲ್ಲಿಗೆ ಮುಗಿಯಿತು.

ಈಗ ಬಿರ್‌ನಲ್ಲಿ ನಾಲ್ಕೂವರೆ ಸಾವಿರದ ಆಸುಪಾಸು ಜನರಿದ್ದಾರೆ. ಅವರ ಹೆಮ್ಮೆ ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಎಂಬ ಐರಿಷ್ ಆಟ; ಅಖಿಲ ಐರ್ಲೆಂಡ್ ಹರ್ಲಿಂಗ್ ಸ್ಪರ್ಧೆಯ ಮೊಟ್ಟಮೊದಲ ಫೈನಲ್ 1888ರ ಏಪ್ರಿಲ್ 1ರಂದು ನಡೆದದ್ದು ಇದೇ ಊರಿನಲ್ಲಿ, ಟಿಪ್ಪರೆರಿ ಮತ್ತು ಗಾಲ್‌ವೇ ನಡುವೆ. ಎರಡು ಕೌಂಟಿಗಳ ತಂಡಗಳು ಆಡಲು ಮೂರನೆಯ ಕೌಂಟಿಯ ಮೂಲೆಗೆ ಬಂದಿದ್ದವು, ಹಿಂದೆ ಅರಸರು ಬಂದಂತೆಯೇ. ಸುತ್ತಲಿನ ಜೌಗಿನಲ್ಲಿ ಯಂತ್ರಗಳಿಂದ ಟರ್ಫ್ ತೆಗೆದು ವಿದ್ಯುತ್ ಸ್ಥಾವರಗಳಿಗೆ ಕಳಿಸುತ್ತಿದ್ದ ಸರಕಾರಿ ಕಂಪನಿ ಬೋರ್ಡ್ ನಾ ಮೋನಾ, ಇಂಗಾಲದ ಕಾರಣಕ್ಕೆ ಆ ಕೆಲಸವನ್ನು ಕೊನೆಗೊಳಿಸುವುದಾಗಿ 2021ರ ಜನವರಿಯಲ್ಲಿ ಘೋಷಿಸಿತು. ಅದರಿಂದ ಕೆಲಸ ಕಳೆದುಕೊಂಡ ಮನೆಗಳು ಈ ಸೀಮೆಯಲ್ಲಿ ಬಹಳ.

ಕೋಟೆಯ ತೋಟದಲ್ಲಿ ಹಳೆಯ ದೂರದರ್ಶಕವನ್ನು 1990ರ ದಶಕದಲ್ಲಿ ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದ್ದಾರೆ. ಅದಕ್ಕೆ ಸ್ವಲ್ಪ ದೂರದ ಹುಲ್ಲಿನ ಮೇಲೆ 2017ರಿಂದ ಇನ್ನೊಂದು ಉಪಕರಣವಿದೆ, ನೋಡಿದರೆ ಯಾರೂ ಅದನ್ನು ದೂರದರ್ಶಕವೆನ್ನುವುದಿಲ್ಲ. ಒಂದೆಡೆ ತಂತಿಗಳಿಂದ ಬಿಗಿದ 96 ಸಣ್ಣ ಕಂಬಗಳು, ಪಕ್ಕದಲ್ಲಿ ಕಪ್ಪು ಹೊದಿಕೆಯ 96 ಚೌಕ ಪೆಟ್ಟಿಗೆಗಳು. ಇದು ನೆದರ್ಲೆಂಡ್ಸ್‌ನಲ್ಲಿ ತಿರುಳಿರುವ ಲೋಫಾರ್ ರೇಡಿಯೋ ದೂರದರ್ಶಕ ಜಾಲದ ಐರಿಷ್ ಠಾಣೆ. ರೇಡಿಯೋ ಅಲೆಗಳಿಗೆ ಮೋಡ ಅಡ್ಡಿಯಲ್ಲವಾದ್ದರಿಂದ ಮೂರನೆಯ ಅರ್ಲ್‌ನನ್ನು ಕಾಡಿದ ಆಕಾಶ ಈ ಉಪಕರಣವನ್ನು ಕಾಡುವುದಿಲ್ಲ. ಇಂಥ ಜಾಲದಲ್ಲಿ ಠಾಣೆಗಳು ಒಂದರಿಂದ ಒಂದು ದೂರವಿದ್ದಷ್ಟೂ ನೋಟ ಸೂಕ್ಷ್ಮವಾಗುತ್ತದೆ. ಪೂರ್ವಕ್ಕೆ ಅದು ಪೋಲೆಂಡ್, ಲಾಟ್ವಿಯಾಗಳವರೆಗೆ ಚಾಚಿದೆ, ಪಶ್ಚಿಮಕ್ಕೆ ಅದರ ಕಟ್ಟಕಡೆಯ ಠಾಣೆ ಬಿರ್.